ಮರುಭೂಮಿಯ ಕಟ್ಟಡ ಕಾಮಗಾರಿಯಲ್ಲಿ ತಾಪರಕ್ಷಣೆಯ ನಿಯಮಗಳು: ಒಂದು ವಿಮರ್ಶೆ

ವಿಮರ್ಶೆಯೆಂದೊಡನೆ ಕಾವ್ಯನಾಟಕಗಳ ಗುಣದೋಷವಿಚಾರವೇ ನಮ್ಮ ಮನಸ್ಸಿಗೆ ಬರುವುದು ವಾಡಿಕೆ. ಆದರೆ ರಾಜಶಾಸನವೂ ಒಂದು ವಾಙ್ಮಯವೇ. ಅದಕ್ಕೂ ಶಬ್ದವುಂಟು, ಅರ್ಥವುಂಟು, ತಾತ್ಪರ್ಯವುಂಟು. ಹೇಳಿದ ಮಾತುಗಳ ಜೊತೆಗೆ ಹೇಳದೆ ಬಿಟ್ಟ ಮಾತುಗಳೂ ಉಂಟು. ಕಾವ್ಯವನ್ನು ತಪ್ಪಾಗಿ ಓದಿದರೆ ರಸಭಂಗವಾದೀತು. ಶಾಸನವನ್ನು ಅರೆಯಾಗಿ ಬರೆದರೆ ಜೀವಹಾನಿಯೇ ಆಗಬಹುದು. ಆದಕಾರಣ ಬಿಸಿಲುನಾಡಿನ ಕಟ್ಟಡ ಕೆಲಸಗಾರರನ್ನು ತಾಪದಿಂದ ಕಾಪಾಡಲೆಂದು ಹೊರಟಿರುವ ನಿಯಮಗಳನ್ನು, ಮುಖ್ಯವಾಗಿ ಅರಬ್ ಕೊಲ್ಲಿಯ ದೇಶಗಳ ನಿಯಮಗಳನ್ನು, ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ಮೀಮಾಂಸಕರು ವಾಕ್ಯಗಳನ್ನು ವಿಧಿ, ನಿಷೇಧ, ಅರ್ಥವಾದ ಎಂದು ವಿಂಗಡಿಸಿದರು. ವಿಧಿಯನ್ನು ಕಂಡೊಡನೆ ‘ಇದಕ್ಕೆ ಅಧಿಕಾರಿ ಯಾರು?’ ಎಂದು ಕೇಳಿದರು. ‘ಇದು ನಿತ್ಯವೋ, ನಿಮಿತ್ತ ಒದಗಿದಾಗ ಮಾತ್ರ ಮಾಡತಕ್ಕ ನೈಮಿತ್ತಿಕವೋ?’ ಎಂದೂ ಕೇಳಿದರು. ಯಜ್ಞಕರ್ಮದ ವಿಚಾರದಲ್ಲಿ ಹುಟ್ಟಿದ ಈ ಪ್ರಶ್ನೆಗಳು ಕಾಂಕ್ರೀಟು ಹೊಯ್ಯುವ ಕೆಲಸಗಾರನ ವಿಚಾರದಲ್ಲಿಯೂ ಉಪಯೋಗಕ್ಕೆ ಬರುತ್ತವೆಂಬುದು ನಮ್ಮ ಅಭಿಪ್ರಾಯ.

೧

ಮೊದಲು ನಿಯಮಗಳ ಸ್ವರೂಪವನ್ನು ನೋಡೋಣ. ಕೊಲ್ಲಿಯ ದೇಶಗಳಲ್ಲಿ ಬೇಸಗೆಯ ನಡುಹಗಲಿನಲ್ಲಿ ಬಯಲು ಕೆಲಸವನ್ನು ನಿಷೇಧಿಸುವ ಪದ್ಧತಿ ಈ ಶತಮಾನದ ಮೊದಲ ದಶಕದಿಂದ ಬಳಕೆಗೆ ಬಂದಿತು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರ ವರೆಗೆ ಮಧ್ಯಾಹ್ನ ೧೨-೩೦ರಿಂದ ೩ ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದು. ಸೌದಿ ಅರೇಬಿಯದಲ್ಲಿ ಅದೇ ತಿಂಗಳುಗಳಲ್ಲಿ ೧೨ರಿಂದ ೩ರ ವರೆಗೆ ನಿಷೇಧವುಂಟು. ಕುವೈತಿನಲ್ಲಿ ಜೂನ್ ಮೊದಲ ದಿನದಿಂದ ಆಗಸ್ಟ್ ಕೊನೆಯ ವರೆಗೆ ಬೆಳಗಿನ ೧೧ರಿಂದ ಸಂಜೆಯ ೪ರ ವರೆಗೆ. ಒಮಾನಿನಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ೧೨-೩೦ರಿಂದ ೩-೩೦ರ ವರೆಗೆ. ಕತಾರಿನಲ್ಲಿ ೨೦೦೭ರ ಸಚಿವಾಜ್ಞೆಯ ಪ್ರಕಾರ ಜೂನ್ ೧೫ರಿಂದ ಆಗಸ್ಟ್ ೩೧ರ ವರೆಗೆ ೧೧-೩೦ರಿಂದ ೩ರ ತನಕ ಇದ್ದ ನಿಷೇಧವನ್ನು ೨೦೨೧ರ ಹದಿನೇಳನೆಯ ಸಚಿವಾಜ್ಞೆಯು ಜೂನ್ ೧ರಿಂದ ಸೆಪ್ಟೆಂಬರ್ ೧೫ರ ವರೆಗೂ, ಬೆಳಗಿನ ೧೦ರಿಂದ ೩-೩೦ರ ವರೆಗೂ ವಿಸ್ತರಿಸಿತು.

ಈ ಕೊನೆಯ ಆಜ್ಞೆಯು ಗಂಟೆಗಳನ್ನು ಹೆಚ್ಚಿಸಿ ಸುಮ್ಮನಾಗಲಿಲ್ಲ. ತಾಪದ ಅಳತೆಯೊಂದು ನಿರ್ದಿಷ್ಟ ಮಿತಿಯನ್ನು ದಾಟಿದರೆ ಯಾವ ವೇಳೆಯಾದರೂ ಬಯಲು ಕೆಲಸವನ್ನು ನಿಲ್ಲಿಸಬೇಕೆಂದಿತು, ತಣ್ಣೀರನ್ನೂ ನೆರಳಿನ ತಂಗುದಾಣವನ್ನೂ ಒದಗಿಸಬೇಕೆಂದಿತು, ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯಾಗಬೇಕೆಂದಿತು, ತಾಪದಿಂದ ತನಗೆ ಅಪಾಯವಿದೆಯೆಂದು ಸಕಾರಣವಾಗಿ ನಂಬಿದ ಕೆಲಸಗಾರನು ತಾನೇ ಕೆಲಸವನ್ನು ನಿಲ್ಲಿಸಬಹುದೆಂದಿತು. ಹೀಗೆ ಒಂದೇ ಆಜ್ಞೆಯೊಳಗೆ ಮೂರು ಬಗೆಯ ನಿಯಮಗಳು ಸೇರಿಕೊಂಡಿವೆ. ಒಂದನ್ನು ಗಡಿಯಾರ ನಡೆಸುತ್ತದೆ. ಇನ್ನೊಂದನ್ನು ಉಷ್ಣಮಾಪಕ ನಡೆಸುತ್ತದೆ. ಮೂರನೆಯದನ್ನು ಕೆಲಸಗಾರನ ಮಾತು ನಡೆಸಬೇಕು. ಈ ಮೂರರ ಬೆಲೆಯೂ ಒಂದೇ ಅಲ್ಲ. ಮೊದಲನೆಯದು ಸುಲಭ, ಆದರೆ ಸ್ಥೂಲ. ಎರಡನೆಯದು ಸೂಕ್ಷ್ಮ, ಆದರೆ ತನ್ನ ಮಿತಿಯ ಅಂಕದಷ್ಟೇ ಪ್ರಾಮಾಣಿಕ. ಮೂರನೆಯದೇ ಎಲ್ಲಕ್ಕಿಂತ ಸತ್ಯಕ್ಕೆ ಹತ್ತಿರವಾದದ್ದು, ಆದರೆ ಅದೇ ಎಲ್ಲಕ್ಕಿಂತ ದುರ್ಬಲವಾದದ್ದು. ಇದನ್ನು ನಿರೂಪಿಸುವುದೇ ಮುಂದಿನ ಪ್ರಯತ್ನ.

೨

ನಿಯಮವು ಕಾಯಬೇಕಾದದ್ದು ಯಾವುದನ್ನು? ಮನುಷ್ಯದೇಹದ ಒಳಗಿನ ಉಷ್ಣತೆಯನ್ನು. ಅದು ಸಾಮಾನ್ಯವಾಗಿ ೩೭ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ದಿನದಿನವೂ ದೀರ್ಘಕಾಲ ಶ್ರಮಪಡುವವರಲ್ಲಿ ಅದು ೩೮ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಮಂಡಲಿ ೧೯೬೯ರಲ್ಲಿಯೇ ಹೇಳಿತು. ೪೦ನ್ನು ದಾಟಿ ಬುದ್ಧಿಭ್ರಮೆ ತೋರಿದರೆ ಅದು ತಾಪಾಘಾತ. ಆಗ ಗಂಟೆಗಳ ಮಾತಿಲ್ಲ, ನಿಮಿಷಗಳ ಮಾತು. ರೋಗಿಯ ಮೈಯನ್ನು ತಣ್ಣೀರಿನಿಂದಲೋ ಮಂಜುಗಡ್ಡೆಯಿಂದಲೋ ಅಲ್ಲಿಯೇ ತಂಪುಮಾಡಬೇಕಲ್ಲದೆ, ವಾಹನ ಬರಲೆಂದು ಕಾದು ಕುಳಿತರೆ ಪ್ರಾಣವೇ ಹೋಗುತ್ತದೆ.

ಶಾಖವು ಸೂರ್ಯನಿಂದ ಮಾತ್ರ ಬರುವುದಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ದುಡಿಯುವ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸ್ವಲ್ಪಾಂಶ ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಉಳಿದ ಮುಕ್ಕಾಲು ಪಾಲಿಗೂ ಮಿಕ್ಕದ್ದು ಮೈಯೊಳಗೇ ಶಾಖವಾಗುತ್ತದೆ. ಕಬ್ಬಿಣದ ಸರಳುಗಳನ್ನು ಹೊತ್ತು ಸಾರವೆ ಏರುವವನು ತನ್ನ ಒಲೆಯನ್ನು ತಾನೇ ಹೊತ್ತುಕೊಂಡು ಏರುತ್ತಾನೆ. ಗಾಳಿಯು ಚರ್ಮಕ್ಕಿಂತ ಬಿಸಿಯಾಗಿರುವ ಮರುಭೂಮಿಯ ಹಗಲಿನಲ್ಲಿ ಈ ಶಾಖಕ್ಕೆ ಹೊರಹೋಗುವ ದಾರಿ ಒಂದೇ: ಬೆವರು ಆರುವುದು. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು ೫೮೦ ಕಿಲೊಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಬೆವರು ಆರಬೇಕು. ಬರಿದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು ನಷ್ಟವಾಯಿತೇ ಹೊರತು ಮೈ ತಂಪಾಗಲಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದಂತೆ ಬೆವರು ಆರುವುದು ಕಡಿಮೆಯಾಗುತ್ತದೆ. ನಮ್ಮ ಕರಾವಳಿಯ ಸೆಕೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಅಂಶ, ದೇಹದ ರೂಢಿ. ತಾಪಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಮೂಡಲು ಮೊದಲಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಇಳಿಯುತ್ತದೆ. ಆದುದರಿಂದಲೇ ಹೊಸಬನಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೆಯ ಒಂದು ಪಾಲನ್ನು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾಲಯ ಸೂಚಿಸುತ್ತದೆ. ಬಯಲು ಕೆಲಸದಲ್ಲಿ ತಾಪದಿಂದ ಸಾಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬಿಸಿಲ ಕೆಲಸದ ಮೊದಲ ಕೆಲವು ದಿನಗಳಲ್ಲಿಯೇ ಸಾಯುತ್ತಾರೆಂಬುದು ಆ ದೇಶದ ಅನುಭವ. ವಿಮಾನದಿಂದಿಳಿದ ಮೊದಲ ವಾರವೇ ಅತ್ಯಂತ ಅಪಾಯದ ವಾರ.

೩

ಈ ತಿಳಿವಳಿಕೆಯ ಬೆಳಕಿನಲ್ಲಿ ಗಡಿಯಾರದ ನಿಯಮವನ್ನು ಪರೀಕ್ಷಿಸೋಣ. ಇದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಇದು ಎಲ್ಲರಿಗೂ ತಿಳಿಯುವ ನಿಯಮ. ಅಕ್ಷರ ಬಾರದ ಕೂಲಿಗಾರನಿಗೂ ಹನ್ನೆರಡೂವರೆಯೆಂದರೆ ಏನೆಂದು ಗೊತ್ತು. ತನಿಖೆಯ ಅಧಿಕಾರಿ ಉಪಕರಣವನ್ನು ಹೊತ್ತು ತರಬೇಕಾಗಿಲ್ಲ. ರಸ್ತೆಯಲ್ಲಿ ನಿಂತು ನೋಡಿದರೆ ನಿಯಮಭಂಗ ಕಣ್ಣಿಗೇ ಕಾಣುತ್ತದೆ. ಈ ಸರಳತೆಯನ್ನು ಹಗುರವಾಗಿ ಎಣಿಸಬಾರದು.

ಆದರೆ ಮೀಮಾಂಸಕರ ಭಾಷೆಯಲ್ಲಿ ಹೇಳುವುದಾದರೆ, ನೈಮಿತ್ತಿಕವಾಗಬೇಕಾದದ್ದನ್ನು ಇದು ನಿತ್ಯವನ್ನಾಗಿ ಮಾಡಿದೆ. ನಿಮಿತ್ತವು ತಾಪ, ನಿಯಮ ನೋಡುವುದು ಪಂಚಾಂಗವನ್ನು. ಮೇ ತಿಂಗಳ ಕೊನೆಯಲ್ಲಿ ಉರಿಯುವ ಬಿಸಿಲಿಗೆ ಜೂನ್ ಹದಿನೈದು ಬರುವ ತನಕ ಅಡ್ಡಿಯಿಲ್ಲ. ನಡುಹಗಲಿಗೆ ಮೊದಲಿನ ಒಂದು ಗಂಟೆ, ಅನಂತರದ ಒಂದು ಗಂಟೆ ನಿಯಮದ ಕಣ್ಣಿಗೆ ತಂಪಾದ ವೇಳೆಗಳೇ. ಅಲ್ಲದೆ ಈ ನಿಯಮಕ್ಕೆ ಹೊಸಬನೂ ಹಳಬನೂ ಒಂದೇ. ಕ್ರೇನು ನಡೆಸುವವನೂ ಮಣ್ಣು ಅಗೆಯುವವನೂ ಒಂದೇ.

ಇದಕ್ಕಿಂತ ಗಂಭೀರವಾದ ಕೊರತೆ ಮತ್ತೊಂದಿದೆ. ಗಡಿಯಾರದ ನಿಯಮವು ‘ಬಿಸಿಲು’ ಎಂಬುದನ್ನೇ ‘ತಾಪ’ ಎಂದು ತಿಳಿದಿದೆ. ಕೊಲ್ಲಿಯ ಸಮುದ್ರ ಆಳವಿಲ್ಲದ್ದು. ಬೇಸಗೆಯ ಉತ್ತರಾರ್ಧದಲ್ಲಿ ಅದರ ನೀರು ಬಿಸಿಯೇರಿ ತೀರದ ಗಾಳಿಯನ್ನು ತೇವದಿಂದ ತುಂಬುತ್ತದೆ. ದುಬೈ, ದೋಹಾ, ಮನಾಮಗಳಂಥ ನಗರಗಳು ಮರುಭೂಮಿಯಲ್ಲಿದ್ದರೂ ಸಮುದ್ರದ ದಡದಲ್ಲಿರತಕ್ಕವು. ಅಲ್ಲಿ ಸೂರ್ಯ ಮುಳುಗಿದ ಮೇಲೆ ಬಿಸಿಲು ಹೋಗುತ್ತದೆ, ತಾಪ ಹೋಗುವುದಿಲ್ಲ. ಹಗಲಿನ ಕೆಲಸವನ್ನು ರಾತ್ರಿಗೂ ನಸುಕಿಗೂ ತಳ್ಳಿದರೆ ನಿಯಮಪಾಲನೆಯಾಯಿತು; ಕೆಲಸಗಾರನ ಮೈಗೆ ಬಿಡುವಾಯಿತೇ ಎಂಬುದು ಬೇರೆ ಪ್ರಶ್ನೆ. ನಿದ್ದೆಗೆಟ್ಟ ದೇಹ ತಾಪವನ್ನು ತಡೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ.

ವಿನಾಯಿತಿಗಳ ಕಡೆಗೂ ಓದುಗರು ಗಮನ ಕೊಡಬೇಕು. ಸಂಯುಕ್ತ ಅರಬ್ ಸಂಸ್ಥಾನಗಳ ನಿಯಮದಲ್ಲಿ, ತಾಂತ್ರಿಕ ಕಾರಣದಿಂದ ನಡುವೆ ನಿಲ್ಲಿಸಲಾಗದ ಕೆಲಸಗಳಿಗೆ ನಿಷೇಧ ಅನ್ವಯಿಸುವುದಿಲ್ಲ. ಡಾಂಬರು ಹಾಸುವುದು, ಕಾಂಕ್ರೀಟು ಹೊಯ್ಯುವುದು ಇದಕ್ಕೆ ಕೊಟ್ಟ ಉದಾಹರಣೆಗಳು. ಕಾಂಕ್ರೀಟು ಅರ್ಧದಲ್ಲಿ ನಿಂತರೆ ಕಟ್ಟಡದ ಬಲ ಕೆಡುತ್ತದೆಂಬುದು ದಿಟ. ಆದರೆ ಡಾಂಬರಿನ ಮಿಶ್ರಣವನ್ನು ಹಾಸುವುದು ನೂರಕ್ಕೂ ಬಹಳ ಮೇಲಿನ ಡಿಗ್ರಿಯ ಶಾಖದಲ್ಲಿ. ಬಿಸಿಲಿನ ಜೊತೆಗೆ ಕಾಲ ಕೆಳಗಿನ ಉರಿಯೂ ಸೇರುವ ಕೆಲಸವೇ ನಿಷೇಧದಿಂದ ಹೊರಗುಳಿದರೆ, ನಿಯಮವು ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಇಲ್ಲವಾಯಿತು. ಹೊಯ್ಯುವ ವೇಳೆಯನ್ನು ನಿಶ್ಚಯಿಸುವವನು ಯೋಜನೆಯ ಎಂಜಿನಿಯರು. ನಡುಹಗಲಿಗೆ ಬರುವಂತೆ ಅದನ್ನು ಇಟ್ಟುಕೊಳ್ಳದಿರುವುದು ಅವನ ಕೈಯಲ್ಲಿಯೇ ಇದೆ. ಅದೇ ನಿಯಮದಲ್ಲಿ ದಂಡವು ಒಬ್ಬೊಬ್ಬ ಕೆಲಸಗಾರನಿಗೆ ೫,೦೦೦ ದಿರ್ಹಮ್. ಆದರೆ ಒಟ್ಟು ೫೦,೦೦೦ವನ್ನು ಮೀರುವಂತಿಲ್ಲ. ಅಂದರೆ ಹತ್ತು ಜನರನ್ನು ಬಿಸಿಲಿಗೆ ನಿಲ್ಲಿಸಿದರೂ ಸಾವಿರ ಜನರನ್ನು ನಿಲ್ಲಿಸಿದರೂ ದಂಡ ಒಂದೇ. ಹನ್ನೊಂದನೆಯ ಕೆಲಸಗಾರನಿಂದ ಮುಂದಕ್ಕೆ ನಿಯಮಕ್ಕೆ ಎಣಿಕೆ ಬರುವುದಿಲ್ಲ.

೪

ಎರಡನೆಯದು ಉಷ್ಣಮಾಪಕದ ನಿಯಮ. ಇದರ ಆಧಾರವಾದ ಅಳತೆಗೆ ವೆಟ್ ಬಲ್ಬ್ ಗ್ಲೋಬ್ ತಾಪಮಾನವೆಂದು ಹೆಸರು. ಇಲ್ಲಿ ಅದನ್ನು ‘ಸಂಯುಕ್ತ ತಾಪಾಂಕ’ವೆಂದು ಕರೆಯೋಣ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕದ ಹತ್ತರಲ್ಲಿ ಏಳು ಪಾಲು, ಕಪ್ಪು ಗೋಳದೊಳಗಿನ ಉಷ್ಣಮಾಪಕದ ಅಂಕದ ಎರಡು ಪಾಲು, ನೆರಳಿನ ಗಾಳಿಯ ಉಷ್ಣತೆಯ ಒಂದು ಪಾಲು, ಈ ಮೂರನ್ನು ಕೂಡಿಸಿದರೆ ಬಯಲಿನ ಸಂಯುಕ್ತ ತಾಪಾಂಕ ದೊರೆಯುತ್ತದೆ. ಒದ್ದೆ ಬಟ್ಟೆ ಬೆವರಿನ ಮೈಯ ಪ್ರತಿನಿಧಿ. ಕಪ್ಪು ಗೋಳ ಬಿಸಿಲಿಗೆ ಸಿಕ್ಕ ಮೈಯ ಪ್ರತಿನಿಧಿ. ಅಮೆರಿಕದ ನೌಕಾಪದಾತಿಯ ಹೊಸ ಸೈನಿಕರು ತಾಲೀಮಿನಲ್ಲಿ ತಾಪದಿಂದ ಬೀಳುತ್ತಿದ್ದುದನ್ನು ತಡೆಯಲು ಯಾಗ್ಲೂ, ಮಿನಾರ್ಡ್ ಎಂಬವರು ರೂಪಿಸಿ ೧೯೫೭ರಲ್ಲಿ ಪ್ರಕಟಿಸಿದ ಅಳತೆ ಇದು. ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನು ತನ್ನ ೭೨೪೩ನೆಯ ಮಾನಕದಲ್ಲಿ ಅಂಗೀಕರಿಸಿತು.

ಈ ಅಳತೆಯ ಉಪಯೋಗ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಅಂಕಗಳು ದೃಷ್ಟಾಂತಕ್ಕಾಗಿ ನಾವು ಆರಿಸಿಕೊಂಡವು. ಒಣ ಗಾಳಿಯ ಮಧ್ಯಾಹ್ನದಲ್ಲಿ ಗಾಳಿ ೪೪ ಡಿಗ್ರಿ, ಒದ್ದೆ ಮಾಪಕ ೨೪, ಕಪ್ಪು ಗೋಳ ೬೦ ಎಂದಿಟ್ಟುಕೊಳ್ಳೋಣ. ಸಂಯುಕ್ತ ತಾಪಾಂಕ ೩೩.೨ ಆಗುತ್ತದೆ. ಕಡಲತೀರದ ರಾತ್ರಿಯಲ್ಲಿ ಗಾಳಿ ೩೪, ಒದ್ದೆ ಮಾಪಕ ೩೧, ಬಿಸಿಲಿಲ್ಲದ ಕಾರಣ ಗೋಳವೂ ೩೪ ಎಂದಿಟ್ಟುಕೊಳ್ಳೋಣ. ಆಗ ಅದು ೩೧.೯. ಗಾಳಿಯ ಉಷ್ಣತೆಯಲ್ಲಿ ಹತ್ತು ಡಿಗ್ರಿಯ ಅಂತರವಿದ್ದರೂ ದೇಹದ ಮೇಲಿನ ಹೊರೆಯಲ್ಲಿ ಒಂದೂಕಾಲು ಡಿಗ್ರಿಯಷ್ಟೇ ಅಂತರ. ಗಡಿಯಾರಕ್ಕೆ ಕಾಣದ ರಾತ್ರಿಯ ತಾಪ ಈ ಅಳತೆಗೆ ಕಾಣುತ್ತದೆ. ಕತಾರಿನ ೨೦೨೧ರ ಆಜ್ಞೆಯಲ್ಲಿ ಈ ಅಳತೆಯನ್ನು ಸೇರಿಸಿದ್ದು ನಿಯಮದ ಇತಿಹಾಸದಲ್ಲಿ ದೊಡ್ಡ ಹೆಜ್ಜೆಯೆಂಬುದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಅದರ ಹಿಂದೆ ೨೦೧೯ರ ಬೇಸಗೆಯಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನಿಂದ ಗ್ರೀಸಿನ ಥೆಸ್ಸಲಿ ವಿಶ್ವವಿದ್ಯಾನಿಲಯದವರು ಕತಾರಿನ ಕೆಲಸಗಾರರ ನಡುವೆಯೇ ನಡೆಸಿದ ಸಂಶೋಧನೆಯಿತ್ತು.

ಆದರೆ ಆ ಆಜ್ಞೆ ಹಾಕಿದ ಮಿತಿ ೩೨.೧ ಡಿಗ್ರಿ. ಈ ಅಂಕವನ್ನು ಇತರ ಪ್ರಮಾಣಗಳೊಡನೆ ಹೋಲಿಸಿ ನೋಡಬೇಕು. ೭೨೪೩ನೆಯ ಮಾನಕದ ಪ್ರಕಾರ ತಾಪಕ್ಕೆ ರೂಢಿಯಾದ ಕೆಲಸಗಾರನಿಗೆ ಮಧ್ಯಮ ಶ್ರಮದಲ್ಲಿ ೨೮, ಕಠಿಣ ಶ್ರಮದಲ್ಲಿ ೨೬ ಮಿತಿಯ ಅಂಕಗಳು. ರೂಢಿಯಾಗದ ಹೊಸಬನಿಗೆ ಕ್ರಮವಾಗಿ ೨೬ ಮತ್ತು ೨೩. ಅಮೆರಿಕದ ಸರ್ಕಾರಿ ಔದ್ಯೋಗಿಕ ಆರೋಗ್ಯತಜ್ಞರ ಸಮ್ಮೇಳನವು ಬಿಡುವನ್ನೂ ಲೆಕ್ಕಕ್ಕೆ ಹಿಡಿದು ಕೋಷ್ಟಕವೊಂದನ್ನು ಕೊಟ್ಟಿದೆ. ಅದರಂತೆ ಗಂಟೆಯಲ್ಲಿ ಕಾಲು ಪಾಲು ಮಾತ್ರ ದುಡಿದು ಮುಕ್ಕಾಲು ಪಾಲು ವಿರಮಿಸುವ ರೂಢಿಗೊಂಡ ಕೆಲಸಗಾರನಿಗೂ ಮಧ್ಯಮ ಶ್ರಮದಲ್ಲಿ ಮಿತಿ ೩೧.೫. ಎಂದ ಮೇಲೆ ೩೨.೧ ಎಂಬುದು ಕೆಲಸವನ್ನು ನಿಲ್ಲಿಸಲೇಬೇಕಾದ ಕಟ್ಟಕಡೆಯ ಗೋಡೆ. ಅದಕ್ಕಿಂತ ಕೆಳಗೆ ಎಲ್ಲವೂ ಕ್ಷೇಮವೆಂದು ಅರ್ಥವಲ್ಲ. ನಾವು ಲೆಕ್ಕ ಹಾಕಿದ ಆ ರಾತ್ರಿಯನ್ನು ಮತ್ತೆ ನೆನೆಯಬಹುದು: ೩೧.೯. ಗೋಡೆಗೆ ಇನ್ನೂ ಒಂದು ಡಿಗ್ರಿಯ ಐದನೆಯ ಒಂದು ಪಾಲು ಬಾಕಿ, ಕೆಲಸ ನಡೆಯಬಹುದು.

ಈ ಮಿತಿಯ ಪರವಾಗಿಯೂ ಹೇಳುವ ಮಾತಿದೆ. ಮಾನಕದ ಅಂಕಗಳು ಎಡೆಬಿಡದ ದುಡಿಮೆಯನ್ನು ಎಣಿಸಿ ಹಾಕಿದವು. ಕೆಲಸಗಾರನು ತನಗೆ ಬೇಕಾದಾಗ ನಿಧಾನಿಸಿ, ನೀರು ಕುಡಿದು, ನೆರಳಿನಲ್ಲಿ ಕುಳಿತು ದುಡಿಯುವಂತಿದ್ದರೆ ದೇಹ ಹೆಚ್ಚಿನ ತಾಪವನ್ನೂ ತಾಳುತ್ತದೆ ಎಂಬುದು ಆ ವಾದ. ವಾದ ಸರಿಯಾದದ್ದೇ. ಆದರೆ ಅದನ್ನು ಒಪ್ಪಿದೊಡನೆ ಇಡೀ ನಿಯಮದ ಭಾರ ಉಷ್ಣಮಾಪಕದಿಂದ ಇಳಿದು ಕೆಲಸಗಾರನ ಸ್ವಾತಂತ್ರ್ಯದ ಮೇಲೆ ಬಂದು ಕೂರುತ್ತದೆ. ಅವನು ಬೇಕಾದಾಗ ನಿಧಾನಿಸಬಲ್ಲನೇ? ಇದೇ ನಮ್ಮ ಮೂರನೆಯ ಪ್ರಶ್ನೆ.

೫

ಮೀಮಾಂಸಕರ ಅಧಿಕಾರಿಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಗಡಿಯಾರದ ನಿಯಮದಲ್ಲಿಯೂ ಉಷ್ಣಮಾಪಕದ ನಿಯಮದಲ್ಲಿಯೂ ಆಜ್ಞೆಗೆ ಗುರಿಯಾದವನು ಮಾಲಿಕ. ಕೆಲಸಗಾರ ಅದರ ಫಲವನ್ನು ಪಡೆಯುವವನು ಮಾತ್ರ. ಮೂರನೆಯ ನಿಯಮದಲ್ಲಿಯೇ ಕೆಲಸಗಾರ ವಾಕ್ಯದ ಕರ್ತೃವಾಗುತ್ತಾನೆ: ‘ಕೆಲಸಗಾರನು ಕೆಲಸವನ್ನು ನಿಲ್ಲಿಸಬಹುದು.’ ತಾಪದ ವಿಷಯದಲ್ಲಿ ಇದಕ್ಕಿಂತ ಸಹಜವಾದ ನಿಯಮವಿಲ್ಲ. ತಲೆ ಸುತ್ತುವುದು, ಕಾಲಿನ ಸೆಳೆತ, ಓಕರಿಕೆ, ಇವು ಮೊದಲು ತಿಳಿಯುವುದು ಅವನಿಗೇ. ಹತ್ತಿರದ ಯಾವ ಮಾಪಕವೂ ಅವನ ಮೈಯೊಳಗಿಲ್ಲ.

ಅಮೆರಿಕದ ಮರುಭೂಮಿಯ ನೆಲವನ್ನೂ ಒಳಗೊಂಡ ಕ್ಯಾಲಿಫೋರ್ನಿಯ ರಾಜ್ಯವು ೨೦೦೫ರ ಬೇಸಗೆಯಲ್ಲಿ ಹೊಲಗಳ ಕೂಲಿಗಾರರು ತಾಪದಿಂದ ಸತ್ತ ಮೇಲೆ ಮಾಡಿದ ನಿಯಮ ಇಲ್ಲಿ ಹೋಲಿಕೆಗೆ ಯೋಗ್ಯವಾಗಿದೆ. ಮೈ ಬಿಸಿಯೇರಿತೆಂದು ಅನ್ನಿಸಿದಾಗಲೆಲ್ಲ ಕೆಲಸಗಾರ ನೆರಳಿಗೆ ಹೋಗಿ ಕನಿಷ್ಠ ಐದು ನಿಮಿಷ ತಣಿಯಬಹುದು. ಗಂಟೆಗೆ ಒಬ್ಬನಿಗೆ ಸುಮಾರು ಒಂದು ಲೀಟರು ಕುಡಿಯುವ ನೀರು ಸಿದ್ಧವಿರಬೇಕು. ಹೊಸಬನನ್ನು ಮೊದಲ ಹದಿನಾಲ್ಕು ದಿನ ಹತ್ತಿರದಿಂದ ನೋಡಿಕೊಳ್ಳಬೇಕು. ‘ಅನ್ನಿಸಿದಾಗ’ ಎಂಬ ಆ ಒಂದು ಪದದಲ್ಲಿ ನಿಯಮವು ಕೆಲಸಗಾರನ ಮಾತನ್ನು ಪ್ರಮಾಣವಾಗಿ ಸ್ವೀಕರಿಸಿದೆ. ಕತಾರಿನ ಆಜ್ಞೆಯೂ ಇದೇ ಹಾದಿಯಲ್ಲಿ ಹೆಜ್ಜೆಯಿಟ್ಟಿದೆ. ಆದರೆ ‘ಸಕಾರಣವಾಗಿ ನಂಬಿದರೆ’ ಎಂಬ ಕಟ್ಟಳೆ ಅಲ್ಲಿ ಸೇರಿದೆ. ಕಾರಣ ಸರಿಯೇ ಎಂದು ತೀರ್ಮಾನಿಸುವವರು ಯಾರು, ಸಾರವೆಯ ಮೇಲೆ ನಿಂತ ಆ ಗಳಿಗೆಯಲ್ಲಿ?

ಉತ್ತರ ನಿಯಮದ ಒಳಗಿಲ್ಲ, ಹೊರಗಿದೆ. ಕೊಲ್ಲಿಯ ದೇಶಗಳಲ್ಲಿ ಪರದೇಶದ ಕೆಲಸಗಾರನ ವಾಸದ ಅನುಮತಿ ಬಹುಕಾಲದಿಂದ ಅವನ ಮಾಲಿಕನ ಹೆಸರಿಗೆ ಕಟ್ಟುಬಿದ್ದಿತ್ತು. ಇದಕ್ಕೆ ಕಫಾಲಾ ಪದ್ಧತಿಯೆಂದು ಹೆಸರು. ಕತಾರ್ ೨೦೨೦ರಲ್ಲಿ ಮಾಲಿಕನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಹೋಗುವ ಅವಕಾಶವನ್ನು ಕಾನೂನಿನಲ್ಲಿ ತಂದಿತು; ೨೦೨೧ರಲ್ಲಿ ತಿಂಗಳಿಗೆ ೧,೦೦೦ ರಿಯಾಲ್ ಕನಿಷ್ಠ ವೇತನವನ್ನು ಜಾರಿಗೆ ತಂದಿತು. ಇವು ವೇತನದ ಕಾನೂನುಗಳಾದರೂ, ನಮ್ಮ ದೃಷ್ಟಿಯಲ್ಲಿ ತಾಪದ ಕಾನೂನುಗಳೂ ಹೌದು. ಊರಿನಲ್ಲಿ ಸಾಲ ಮಾಡಿ ದಲ್ಲಾಳಿಗೆ ಹಣ ತೆತ್ತು ಹೋದವನು, ಒಂದು ದಿನದ ಕೂಲಿ ತಪ್ಪಿದರೆ ಬಡ್ಡಿ ಬೆಳೆಯುವುದೆಂದು ಬಲ್ಲವನು, ತಲೆ ಸುತ್ತಿದರೂ ಇನ್ನೊಂದು ಗಂಟೆ ತಾಳೋಣವೆನ್ನುತ್ತಾನೆ. ಶೌಚಾಲಯ ದೂರವಿದ್ದರೆ ನೀರನ್ನೇ ಕಡಿಮೆ ಕುಡಿಯುತ್ತಾನೆ. ನೀರಿಲ್ಲದೆ ಬಿಸಿಲಿನಲ್ಲಿ ದಿನದಿನವೂ ದುಡಿದವರ ಮೂತ್ರಪಿಂಡಗಳು ಕೆಡುತ್ತವೆಂಬುದನ್ನು ಮಧ್ಯ ಅಮೆರಿಕದ ಕಬ್ಬು ಕಡಿಯುವವರಲ್ಲಿ ವೈದ್ಯರು ಕಂಡರು. ಕೊಲ್ಲಿಯಿಂದ ಮರಳಿದ ನೇಪಾಳದ ತರುಣರಲ್ಲಿಯೂ ಅದೇ ಬಗೆಯ ಬೇನೆ ಕಾಣಿಸಿಕೊಂಡಿದೆ. ನಿಲ್ಲಿಸುವ ಹಕ್ಕು ಕಾಗದದಲ್ಲಿದ್ದರೆ ಸಾಲದು. ನಿಲ್ಲಿಸಿದ ಗಂಟೆಯ ಕೂಲಿ ಯಾರ ಲೆಕ್ಕಕ್ಕೆ ಎಂಬುದು ಇತ್ಯರ್ಥವಾದಾಗಲೇ ಆ ಹಕ್ಕು ಪೂರ್ಣವಾಗುತ್ತದೆ.

೬

ನಿಯಮ ಸಾರ್ಥಕವಾಯಿತೇ ಎಂದು ತಿಳಿಯಲು ಕೊನೆಗೆ ಲೆಕ್ಕ ಬೇಕು. ಲೆಕ್ಕಕ್ಕೆ ಹೆಸರು ಬೇಕು. ಈ ಹೆಸರಿನ ವಿಚಾರದಲ್ಲಿ ಹಳೆಯ ದೃಷ್ಟಾಂತವೊಂದಿದೆ. ಅಮೆರಿಕದ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟನ್ನು ಕಟ್ಟಲು ತೊಡಗಿದ್ದು ೧೯೩೧ರಲ್ಲಿ, ಮರುಭೂಮಿಯ ಕಮರಿಯೊಂದರಲ್ಲಿ. ಆ ಬೇಸಗೆಯ ತಾಪ ೪೮ ಡಿಗ್ರಿಯ ಆಸುಪಾಸಿಗೆ ಏರಿತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತಾಪದಿಂದಲೇ ಸತ್ತರು. ಆಗಸ್ಟ್ ತಿಂಗಳಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಒಂದು, ಮಂಜುಗಡ್ಡೆ ಹಾಕಿದ ತಣ್ಣೀರು. ಮುಷ್ಕರ ಮುರಿಯಿತು. ಮಾರನೆಯ ವರ್ಷ ಹಾರ್ವರ್ಡಿನ ಶ್ರಮಸಂಶೋಧನಾಲಯದವರು ಅಲ್ಲಿಗೆ ಬಂದು ಬೆವರಿನಲ್ಲಿ ಕಳೆದುಹೋಗುವ ಉಪ್ಪನ್ನೂ ನೀರನ್ನೂ ಅಳೆದರು. ತಾಪಶಾಸ್ತ್ರಕ್ಕೆ ಅದು ಒಂದು ಮೈಲಿಗಲ್ಲಾಯಿತು.

ಆ ಅಣೆಕಟ್ಟಿನ ಕೆಲಸದಲ್ಲಿ ಸತ್ತವರ ಅಧಿಕೃತ ಸಂಖ್ಯೆ ೯೬. ಆದರೆ ಈ ಸಂಖ್ಯೆಗೆ ಸೇರಿದ್ದು ಮುಳುಗಿ, ಸಿಡಿಮದ್ದಿನಿಂದ, ಬಂಡೆ ಉರುಳಿ, ಕಮರಿಯಿಂದ ಬಿದ್ದು, ಯಂತ್ರಕ್ಕೆ ಸಿಕ್ಕಿ ಸತ್ತವರು ಮಾತ್ರ. ತಾಪದಿಂದಲೂ ಹೃದಯದ ತೊಂದರೆಯಿಂದಲೂ ಸತ್ತವರನ್ನು ಅದರಲ್ಲಿ ಸೇರಿಸಿಲ್ಲವೆಂದು ಕಟ್ಟಿಸಿದ ಇಲಾಖೆಯೇ ಹೇಳುತ್ತದೆ. ಬಂಡೆ ಬಿದ್ದರೆ ಅದು ಕೆಲಸದ ಸಾವು. ಸೂರ್ಯ ಸುಟ್ಟರೆ ಅದು ದೈವದ ಸಾವು. ಈ ವಿಂಗಡಣೆಯಲ್ಲಿಯೇ ಒಂದು ತೀರ್ಪು ಅಡಗಿದೆ.

ಕೊಲ್ಲಿಯ ದೇಶಗಳಲ್ಲಿಯೂ ತರುಣ ಕೆಲಸಗಾರರ ಮರಣಪತ್ರಗಳಲ್ಲಿ ‘ಸ್ವಾಭಾವಿಕ ಕಾರಣ’, ‘ಹೃದಯಸ್ತಂಭನ’ ಎಂಬ ಮಾತುಗಳೇ ಮತ್ತೆ ಮತ್ತೆ ಕಾಣಬರುತ್ತವೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ. ಅದು ಮರಣದ ಲಕ್ಷಣವೇ ಹೊರತು ಕಾರಣವಲ್ಲ. ಕಾರಣವನ್ನು ಕೇಳಿದ ಪ್ರಶ್ನೆಗೆ ಲಕ್ಷಣವನ್ನು ಉತ್ತರವಾಗಿ ಕೊಡುವುದು ತರ್ಕದೋಷ. ಈ ತರ್ಕದೋಷದಿಂದ ಸಂಸಾರವೊಂದಕ್ಕೆ ಪರಿಹಾರಧನ ತಪ್ಪಿಹೋಗಬಹುದು, ಏಕೆಂದರೆ ಸ್ವಾಭಾವಿಕ ಮರಣಕ್ಕೆ ಮಾಲಿಕ ಹೊಣೆಯಲ್ಲ. ೨೦೦೯ರಿಂದ ೨೦೧೭ರ ವರೆಗೆ ಕತಾರಿನಲ್ಲಿ ಸತ್ತ ನೇಪಾಳಿ ಕೆಲಸಗಾರರನ್ನು ಕುರಿತು ೨೦೧೯ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು, ಹೃದಯಸಂಬಂಧದ ಕಾರಣ ಬರೆದಿದ್ದ ೫೭೧ ಸಾವುಗಳನ್ನು ತಾಪದ ದಾಖಲೆಗಳೊಡನೆ ಹೋಲಿಸಿತು. ತಕ್ಕ ತಾಪರಕ್ಷಣೆಯಿದ್ದಿದ್ದರೆ ಅವುಗಳಲ್ಲಿ ೨೦೦ರಷ್ಟನ್ನು ತಪ್ಪಿಸಬಹುದಾಗಿತ್ತೆಂದು ಅಂದಾಜು ಮಾಡಿತು. ಸಾರವೆಯ ಮೇಲೆ ತಲೆ ಸುತ್ತಿ ಬಿದ್ದವನ ಸಾವು ‘ಬೀಳುವಿಕೆ’ಯೆಂದೇ ದಾಖಲಾಗುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಇದಕ್ಕೆ ಎದುರಾದ ಲೆಕ್ಕವನ್ನೂ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ಕತಾರಿನಲ್ಲಿ ರೆಡ್ ಕ್ರೆಸೆಂಟ್ ನಡೆಸುವ ಕೆಲಸಗಾರರ ಚಿಕಿತ್ಸಾಲಯಗಳಿಗೆ ತಾಪದ ಬೇನೆಯಿಂದ ಬಂದವರು ೨೦೨೦ರ ಬೇಸಗೆಯಲ್ಲಿ ೧,೫೨೦ ಮಂದಿ, ಹೊಸ ಆಜ್ಞೆ ಬಂದ ೨೦೨೧ರಲ್ಲಿ ೬೨೦, ೨೦೨೨ರಲ್ಲಿ ೩೫೧. ನಿಯಮಗಳು ಅಪೂರ್ಣವಾಗಿದ್ದರೂ ನಿಷ್ಫಲವಲ್ಲ. ಒಳ್ಳೆಯ ಮಾತನ್ನು ಬರೆದರೆ ಜೀವ ಉಳಿಯುತ್ತದೆ.

೭

ಉಪಸಂಹಾರದಲ್ಲಿ ನಮ್ಮ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳಬಹುದು. ಗಡಿಯಾರದ ನಿಯಮವನ್ನು ಬಿಡಬಾರದು. ಆದರೆ ಅದನ್ನು ನೆಲಗಟ್ಟೆಂದು ತಿಳಿಯಬೇಕೇ ಹೊರತು ಮಾಳಿಗೆಯೆಂದಲ್ಲ. ಉಷ್ಣಮಾಪಕದ ನಿಯಮಕ್ಕೆ ಒಂದೇ ಗೋಡೆ ಸಾಲದು, ಮೆಟ್ಟಿಲುಗಳು ಬೇಕು. ತಾಪಾಂಕ ಏರಿದಂತೆ ಬಿಡುವಿನ ನಿಮಿಷಗಳೂ ಏರಬೇಕು, ಹೊಸಬನಿಗೂ ಕಠಿಣ ಕೆಲಸಕ್ಕೂ ಬೇರೆ ಅಂಕಗಳಿರಬೇಕು, ರಾತ್ರಿಯ ಪಾಳಿಯಲ್ಲಿಯೂ ಮಾಪಕ ನಡೆಯುತ್ತಿರಬೇಕು. ನಿಂತ ವೇಳೆಗೆ ಕೂಲಿ ಸಲ್ಲಬೇಕು. ಪ್ರತಿಯೊಂದು ಅಕಾಲಮರಣದ ಕಾರಣವೂ ಶೋಧನೆಗೆ ಒಳಗಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಾಗಿಲ್ಲ. ೧೯೫೭ರ ಹೊತ್ತಿಗೇ ಬಹುಭಾಗ ತಿಳಿದಿತ್ತು.

ಈ ವಿಚಾರ ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ದೂರದ್ದೆಂದು ತೋರಬಹುದು. ಹಾಗಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳ ಅನ್ನ ಕೊಲ್ಲಿಯಿಂದ ಬಂದಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ತೇರ್ಗಡೆಯಾದವರು ಅಲ್ಲಿ ಕಾಮಗಾರಿಯ ಎಂಜಿನಿಯರುಗಳಾಗಿಯೂ ಸುರಕ್ಷಾಧಿಕಾರಿಗಳಾಗಿಯೂ ಕೆಲಸ ಮಾಡುತ್ತಿದ್ದಾರೆ. ಕಾಂಕ್ರೀಟು ಹೊಯ್ಯುವ ವೇಳೆಯನ್ನು ಗೊತ್ತುಮಾಡುವ ಕೈ, ಮಾಪಕದ ಅಂಕವನ್ನು ಪುಸ್ತಕದಲ್ಲಿ ಬರೆಯುವ ಕೈ, ಕೆಳಗೆ ಬಿದ್ದವನ ವಿಷಯದಲ್ಲಿ ವರದಿ ಬರೆಯುವ ಕೈ ನಮ್ಮ ತರಗತಿಯಲ್ಲಿ ಕುಳಿತು ಹೋದ ಕೈಯೇ ಆಗಿರಬಹುದು. ‘ಕಾರಣ’ವೆಂಬ ಅಂಕಣದಲ್ಲಿ ಲಕ್ಷಣವನ್ನು ಬರೆಯಬಾರದೆಂಬಷ್ಟು ಭಾಷಾವಿವೇಕವನ್ನು ಆ ಕೈಗೆ ಕಲಿಸಿ ಕಳುಹಿಸಿದರೆ, ವಿಮರ್ಶೆಯನ್ನು ಬೋಧಿಸುವ ನಮ್ಮ ಕೆಲಸವೂ ಸಾರ್ಥಕವಾದಂತೆ.